1987ರ ರೋಬೋಕಾಪ್ ಮುಂದೆ 2014ರದ್ದು ಸಪ್ಪೆ ಆಗೋದು ಎಲ್ಲಿ? ದೃಶ್ಯ ಹಿಡಿದು ಹೇಳಿ

ತುಂಗಾತೀರ (ತೀರ್ಥಹಳ್ಳಿ):

ನಮ್ಮ ಕಾಲೇಜಿನ ಚಿತ್ರಕೂಟದಲ್ಲಿ ಈ ಮಳೆಗಾಲಕ್ಕೆ ಒಂದು ರೀಮೇಕ್ ಚರ್ಚೆ ಇಟ್ಟುಕೊಂಡಿದ್ದೇವೆ. ಆಯ್ಕೆ ಆಗಿರೋದು ರೋಬೋಕಾಪ್, ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಮರ್ಫಿ ಅನ್ನೋ ಪೊಲೀಸನನ್ನ ಒಂದು ಕಂಪನಿ ಯಂತ್ರ-ಪೊಲೀಸ್ ಮಾಡೋ ಕಥೆ. ಪಾಲ್ ವರ್ಹೂವನ್ ನಿರ್ದೇಶಿಸಿದ 1987ರ ಚಿತ್ರ, ಜೋಸೆ ಪಾಡಿಲ್ಯಾ ನಿರ್ದೇಶಿಸಿದ 2014ರ ಚಿತ್ರ, ಎರಡೂ.

ಸಮಸ್ಯೆ ಏನಂದ್ರೆ, ಈ ವಿಷಯ ತೆಗೆದ ಕೂಡಲೇ ಎಲ್ಲರೂ ಹೇಳೋದು ಮೂರೇ ಮಾತು: ಹಳೇದು ಹಳೇದೇ, ಹೊಸದರಲ್ಲಿ ರಕ್ತ ಇಲ್ಲ, ಎಲ್ಲಾ ಗ್ರಾಫಿಕ್ಸು. ಇದರಿಂದ ಚರ್ಚೆ ಮುಂದಕ್ಕೆ ಹೋಗಲ್ಲ. ಹೊಸದರಲ್ಲಿ ನಟರು ಕಡಿಮೆಯೇನಲ್ಲ. ಗ್ಯಾರಿ ಓಲ್ಡ್‌ಮನ್, ಮೈಕಲ್ ಕೀಟನ್, ಸ್ಯಾಮ್ಯುಯೆಲ್ ಜ್ಯಾಕ್ಸನ್ ಇದ್ದಾರೆ. ನಿರ್ದೇಶಕರು 2008ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಚಿನ್ನದ ಕರಡಿ ಗೆದ್ದವರು, ಅದೂ ಪೊಲೀಸರ ಕುರಿತ ಚಿತ್ರಕ್ಕೇ. ಹಂಗಿದ್ದೂ ಚಿತ್ರ ಮುಗಿದ ಮೇಲೆ ಮನಸ್ಸಲ್ಲಿ ಎಂತದೂ ಉಳಿಯಲ್ಲ. ಯಾಕೆ?

ಬೇಕಾಗಿರೋದು ಇಷ್ಟು:

1. ಚಿತ್ರಕಥೆಯಲ್ಲಿ ನಿಖರವಾಗಿ ಯಾವ ಜಾಗದಲ್ಲಿ ಎಡವಿದ್ದಾರೆ?
2. ಒಟ್ಟು 3 ಗಂಟೆ ಸಿಗುತ್ತೆ. ಹಳೇದು 102 ನಿಮಿಷ, ಹೊಸದು 117 ನಿಮಿಷದ ಆಸುಪಾಸು. ಎರಡೂ ಪೂರ್ತಿ ಹಾಕೋಕೆ ಆಗಲ್ಲ. ಯಾವುದನ್ನ ಯಾವುದರ ಪಕ್ಕಕ್ಕೆ ಇಡಬೇಕು?
3. ಸಭಾಂಗಣಕ್ಕೆ ತಗಡಿನ ಮಾಡು. ಆಗಸ್ಟ್ ತಿಂಗಳ ತೀರ್ಥಹಳ್ಳಿ ಮಳೆ ಹೆಂಗಿರುತ್ತೆ ಅಂತ ನಿಮಗೇ ಗೊತ್ತು. ಅದಕ್ಕೂ ಏನಾದ್ರೂ ಉಪಾಯ ಇದ್ದರೆ ಹೇಳಿ.

---

ಕವಲೇದುರ್ಗ:

ಮೊದಲನೇ ಪ್ರಶ್ನೆಗಷ್ಟೇ ಉತ್ತರಿಸ್ತೀನಿ, ಅದೇ ದೊಡ್ಡದು.

ರಕ್ತ, ಗ್ರಾಫಿಕ್ಸು ಎರಡೂ ಆಮೇಲಿನ ಮಾತು. ಹೊಸ ಚಿತ್ರದ ಪೆಟ್ಟು ಇರೋದು ಯಾರಿಗೆ ಯಾವಾಗ ಏನು ಗೊತ್ತಾಗುತ್ತೆ ಅನ್ನೋದರಲ್ಲಿ.

1987ರಲ್ಲಿ ಮರ್ಫಿ ಸತ್ತದ್ದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆಪರೇಷನ್ ಟೇಬಲ್ ಮೇಲೆ ಪರದೆ ಕಪ್ಪಾಗುತ್ತೆ. ಮತ್ತೆ ಬೆಳಕು ಬಂದಾಗ ನಾವು ಇರೋದು ಯಂತ್ರದ ಕಣ್ಣೊಳಗೆ. ಅಡ್ಡಗೆರೆ ಬಿದ್ದ ಚಿತ್ರ, ಮುಖದ ಹತ್ತಿರ ಬಗ್ಗಿ ಮಾತಾಡೋ ಎಂಜಿನಿಯರುಗಳು, ಹೊಸವರ್ಷದ ಪಾರ್ಟಿ. ಎಡಗೈ ಉಳಿಸಿಕೊಂಡಿದ್ದೀವಿ ಅಂತ ಅವರು ಹೆಮ್ಮೆಯಿಂದ ಹೇಳ್ತಾರೆ. ಕಂಪನಿಯ ಬಾಬ್ ಮಾರ್ಟನ್, ಅದನ್ನೂ ತೆಗೀರಿ ಅಂತಾನೆ. ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿದ್ದಾನೆ, ಕಾನೂನು ಪ್ರಕಾರ ಸತ್ತಿದ್ದಾನೆ, ಇನ್ನೇನು ತಕರಾರು? ಇಷ್ಟೂ ಹೊತ್ತು ರೋಬೋ ಹೆಂಗಿದ್ದಾನೆ ಅಂತ ನಮಗೆ ತೋರಿಸಲ್ಲ. ಮೊದಲು ಕಾಣೋದು ಒಂದು ಟಿವಿ ಪರದೆಯಲ್ಲಿ, ಆಮೇಲೆ ಮಸುಕು ಗಾಜಿನ ಹಿಂದೆ.

ಅಲ್ಲಿಂದ ಅವನು ತನ್ನನ್ನು ತಾನು ಹುಡುಕೋದು ಒಂದು ಪೊಲೀಸ್ ತನಿಖೆಯ ಹಾಗೆ ಸಾಗುತ್ತೆ. ಒಂದೊಂದು ಹೆಜ್ಜೆಗೂ ಒಂದೊಂದು ಸುಳಿವು ಇದೆ:

– ಪಿಸ್ತೂಲನ್ನು ಬೆರಳಲ್ಲಿ ಗಿರಗಿರ ತಿರುಗಿಸಿ ಒಳಗಿಡೋ ಅಭ್ಯಾಸ. ಮಗನಿಗೆ ಇಷ್ಟ ಅಂತ ಟಿವಿ ಧಾರಾವಾಹಿ ನೋಡಿ ಕಲಿತದ್ದು. ಜತೆಗಾರ್ತಿ ಲೂಯಿಸ್ ಗುರುತು ಹಿಡಿಯೋದು ಇದರಿಂದ.
– ಕನಸು. ಯಂತ್ರಕ್ಕೆ ಕನಸು ಬೀಳುತ್ತೆ ಅಂತ ಅದನ್ನು ಕಟ್ಟಿದವರಿಗೇ ಗೊತ್ತಿರಲ್ಲ.
– ಪೆಟ್ರೋಲ್ ಬಂಕ್. ಸತ್ತರೂ ಬದುಕಿದ್ದರೂ ನನ್ನ ಜೊತೆ ಬರ್ತೀಯ ಅನ್ನೋ ಮಾತನ್ನ ಮರ್ಫಿ ಸಾಯೋ ಮೊದಲು ಎಮಿಲ್ ಅನ್ನೋ ಕಳ್ಳನಿಗೇ ಹೇಳಿರ್ತಾನೆ. ರೋಬೋ ಬಾಯಲ್ಲಿ ಅದೇ ಮಾತು ಬಂದಾಗ ಎಮಿಲ್ ಬೆವರಿ, ನಿನ್ನನ್ನ ನಾವೇ ಕೊಂದಿದ್ವಲ್ಲ ಅಂತ ಕೂಗ್ತಾನೆ.
– ಪೊಲೀಸ್ ಕಡತ. ಎಮಿಲ್ ಹೆಸರಿಂದ ಗ್ಯಾಂಗು, ಗ್ಯಾಂಗಿಂದ ಮರ್ಫಿಯ ಕೊಲೆ, ಅಲ್ಲಿಂದ ಮನೆಯ ವಿಳಾಸ.
– ಖಾಲಿ ಮನೆ. ಹೆಂಡತಿ, ಮಗ ಊರು ಬಿಟ್ಟಿದ್ದಾರೆ. ಮಾತಾಡೋದು ಮನೆ ಮಾರೋ ಏಜೆಂಟಿನ ವಿಡಿಯೊ ಮಾತ್ರ.

2014ರಲ್ಲಿ ಮರ್ಫಿ ಕಣ್ಣು ಬಿಟ್ಟ ಕೂಡಲೇ ಅವನಿಗೆ ತಾನು ಯಾರು ಅಂತ ಗೊತ್ತು. ಡಾಕ್ಟರಿಗೆ ಗೊತ್ತು, ಹೆಂಡತಿಗೆ ಗೊತ್ತು, ಅವಳೇ ಸಹಿ ಹಾಕಿದ್ದಾಳೆ. ಹೆಲ್ಮೆಟ್ ಮುಖವಾಡ ಬೇಕೆಂದಾಗ ಮೇಲೆ ಹೋಗುತ್ತೆ, ಮುಖ ಯಾವಾಗಲೂ ಕಾಣುತ್ತೆ. ಹಳೇದರಲ್ಲಿ ಹೆಲ್ಮೆಟ್ ಕಳಚೋದು ಚಿತ್ರದ ಕೊನೆಯ ಭಾಗದಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ. ಅಲ್ಲಿಯವರೆಗೆ ನಾವು ಒಂದು ಗಲ್ಲ, ಒಂದು ಬಾಯಿ ನೋಡ್ಕೊಂಡೇ ಬಂದಿರ್ತೀವಿ. ಹೊಸದರಲ್ಲಿ ಆರಂಭದಲ್ಲೇ ಎಲ್ಲ ಬಿಚ್ಚಿಟ್ಟ ಮೇಲೆ ಹುಡುಕೋಕೆ ಉಳಿದದ್ದು ತನ್ನ ಕಾರಿಗೆ ಬಾಂಬ್ ಇಟ್ಟವರು ಯಾರು ಅನ್ನೋದು ಮಾತ್ರ. ಅದನ್ನೂ ಕ್ಯಾಮರಾ ದಾಖಲೆ ಜಾಲಾಡಿ ಚಿಟಿಕೆ ಹೊಡೆಯೋದ್ರಲ್ಲಿ ಮುಗಿಸ್ತಾನೆ. ಆಮೇಲೆ ಆ ವ್ಯಾಲನ್ ಅನ್ನೋ ಖಳನ ಕಥೆ ಚಿತ್ರ ಇನ್ನೂ ಬಾಕಿ ಇರುವಾಗಲೇ ಕತ್ತಲ ಗೋದಾಮಲ್ಲಿ ತೀರಿಹೋಗುತ್ತೆ. ಅವನ ಮುಖ ನೆನಪಿದ್ದವರು ಕೈ ಎತ್ತಿ!

ಎರಡನೇ ಜಾಗ, ನನ್ನ ಲೆಕ್ಕದಲ್ಲಿ ಇದೇ ಮುಖ್ಯ: ನಾಲ್ಕನೇ ಆದೇಶ.

ಹಳೇ ರೋಬೋಗೆ ಮೂರು ಬಹಿರಂಗ ಆದೇಶ, ಒಂದು ಗುಪ್ತ ಆದೇಶ. ಗುಪ್ತವಾದದ್ದು ಏನಂದ್ರೆ, ರೋಬೋನನ್ನ ಕಟ್ಟಿದ ಓಸಿಪಿ ಕಂಪನಿಯ ಹಿರಿಯ ಅಧಿಕಾರಿಯನ್ನ ಬಂಧಿಸೋಕೆ ಹೋದರೆ ಯಂತ್ರವೇ ಕುಸಿದು ಬೀಳುತ್ತೆ. ಅಂಥ ಅಧಿಕಾರಿ ಡಿಕ್ ಜೋನ್ಸ್ ಕಚೇರಿಯಲ್ಲಿ ಅದು ಆಗೋದನ್ನ ನೋಡ್ತೀವಿ. ಕೊನೆಯಲ್ಲಿ ಅದೇ ಜೋನ್ಸ್ ಅಧ್ಯಕ್ಷನ ಹಣೆಗೆ ಪಿಸ್ತೂಲು ಹಿಡಿದಾಗ ರೋಬೋ ಹಲ್ಲುಕಚ್ಚಿ, ಮನೋಬಲದಿಂದ ಆ ಆದೇಶ ಮುರೀತಾನಾ? ಇಲ್ಲ. ಮುರಿಯೋಕೆ ಅವನ ಕೈಲಿ ಆಗಲ್ಲ. ಕಂಪನಿಯ ಅಧಿಕಾರಿಯ ಮೇಲೆ ಕೈ ಮಾಡೋಕೆ ನನಗೆ ಅನುಮತಿ ಇಲ್ಲ ಅಂತ ನೇರವಾಗಿ ಹೇಳ್ತಾನೆ. ಆಗ ಮುದುಕ ಅಧ್ಯಕ್ಷ ಜೋನ್ಸ್‌ನನ್ನ ನಿಂತ ನಿಲುವಲ್ಲೇ ಕೆಲಸದಿಂದ ಕಿತ್ತುಹಾಕ್ತಾನೆ. ಅಧಿಕಾರಿ ಅಲ್ಲ ಅಂದಮೇಲೆ ಅಡ್ಡಿಯೂ ಇಲ್ಲ. ರೋಬೋ ಥ್ಯಾಂಕ್ಯೂ ಹೇಳಿ ಗುಂಡು ಹಾರಿಸ್ತಾನೆ.

ಇಲ್ಲಿ ನಗು, ಕಥೆಯ ಗಂಟು, ಕಂಪನಿ ಮೇಲಿನ ಕುಟುಕು, ಮೂರೂ ಒಂದೇ ಸಾಲಲ್ಲಿ ಬಿಚ್ಚಿಕೊಳ್ಳುತ್ತೆ. ಮನುಷ್ಯನನ್ನ ಆಸ್ತಿ ಮಾಡಿದ್ದು ಕರಾರುಪತ್ರ, ಅವನ ಕೈ ಬಿಡಿಸೋದೂ ಒಂದು ವಜಾ ಆದೇಶ. ಹೆಸರೇನಪ್ಪ ಅಂತ ಕೇಳಿದ್ದಕ್ಕೆ ಮರ್ಫಿ ಅಂತಾನೆ, ಚಿತ್ರ ಮುಗೀತು.

2014ರಲ್ಲಿ ಅದರ ಬದಲು ಕೆಂಪು ಪಟ್ಟಿ. ಕೈಗೆ ಕಟ್ಟಿಕೊಂಡವರ ಮೇಲೆ ರೋಬೋ ಗುಂಡು ಹಾರಿಸೋ ಹಾಗಿಲ್ಲ. ಮಹಡಿ ಮೇಲೆ ಕಂಪನಿ ಮುಖ್ಯಸ್ಥ ಸೆಲರ್ಸ್ ಆ ಪಟ್ಟಿ ತೋರಿಸ್ತಾನೆ, ಮರ್ಫಿಯ ಕೈ ನಡುಗುತ್ತೆ, ಒದ್ದಾಡ್ತಾನೆ, ಕೊನೆಗೆ ಹಾರಿಸೇಬಿಡ್ತಾನೆ. ಹೆಂಗೆ ಸಾಧ್ಯವಾಯ್ತು? ಛಲ ಇತ್ತು, ಆಯ್ತು. ನಿಯಮ ಹಾಕಿದವರೇ ಬಗೆಹರಿಸೋ ದಾರಿ ಹಾಕಿಲ್ಲ. ನಿಮ್ಮ ಚರ್ಚೆಗೆ ಈ ಎರಡು ದೃಶ್ಯ ಪಕ್ಕಪಕ್ಕ ಇಟ್ಟರೆ ಅರ್ಧ ಕೆಲಸ ಮುಗೀತು.

---

ಕೊಡಚಾದ್ರಿ1343:

ದುಡ್ಡಿನ ಲೆಕ್ಕವನ್ನೂ ಬೋರ್ಡಿನ ಮೇಲೆ ಬರೀರಿ. ಹಳೇದಕ್ಕೆ ಖರ್ಚು ಸುಮಾರು 1.3 ಕೋಟಿ ಡಾಲರ್, ಅಮೆರಿಕದ ಗಳಿಕೆ 5.3 ಕೋಟಿ. ಹೊಸದಕ್ಕೆ ಖರ್ಚು 10 ಕೋಟಿ ಅಥವಾ ಅದಕ್ಕೂ ಮೇಲೆ, ಅಮೆರಿಕದ ಗಳಿಕೆ 5.8 ಕೋಟಿ ಚಿಲ್ಲರೆ. 27 ವರ್ಷದಲ್ಲಿ ಟಿಕೆಟ್ ದರ ಎಷ್ಟು ಏರಿದೆ ಅಂತ ಯೋಚಿಸಿದರೆ ಎಷ್ಟು ಕಡಿಮೆ ಜನ ನೋಡಿದ್ದಾರೆ ಅಂತ ಅಂದಾಜಾಗುತ್ತೆ. ಹೊರದೇಶಗಳ ಗಳಿಕೆ ಸೇರಿ 24 ಕೋಟಿ ಆಯ್ತು, ಮುಳುಗಲಿಲ್ಲ ಅಷ್ಟೆ.

ಈ ಖರ್ಚೇ ಚಿತ್ರದ ಕೈ ಕಟ್ಟಿದ್ದು. 10 ಕೋಟಿ ಹಾಕಿದವರಿಗೆ ಹದಿಹರೆಯದವರ ಟಿಕೆಟ್ ಬೇಕೇ ಬೇಕು, ಹಾಗಾಗಿ ಪಿಜಿ-13, ಅಂದ್ರೆ ಹದಿಹರೆಯದವರೂ ನೋಡಬಹುದಾದ ದರ್ಜೆ. ಆ ದರ್ಜೆಯಲ್ಲಿ ಮನುಷ್ಯರ ಮೈಯಿಂದ ಧಾರಾಳವಾಗಿ ರಕ್ತ ಚಿಮ್ಮೋ ಹಾಗಿಲ್ಲ, ಯಂತ್ರ ಎಷ್ಟು ಬೇಕಾದ್ರೂ ಒಡೀಬಹುದು. ಅದಕ್ಕೇ ಹೊಸದರಲ್ಲಿ ಪೊಲೀಸಪ್ಪನ ಎದುರಾಳಿಗಳು ಹೆಚ್ಚಾಗಿ ರೋಬೋಟುಗಳು, ಕೈಯಲ್ಲಿ ಶಾಕ್ ಕೊಡೋ ಗನ್ನು, ಮನುಷ್ಯರನ್ನ ಹೊಡೆಯೋ ದೃಶ್ಯ ಕತ್ತಲಲ್ಲಿ.

ಹಳೇದರ ಹಿಂಸೆ ಬರೀ ಹಸಿಹಸಿ ಅಂತ ತಿಳ್ಕೋಬೇಡಿ. ಅಮೆರಿಕದ ರೇಟಿಂಗ್ ಮಂಡಳಿ ಅದಕ್ಕೆ ಎಕ್ಸ್ ದರ್ಜೆ (ವಯಸ್ಕರಿಗೆ ಮಾತ್ರ) ಕೊಟ್ಟು, ಮತ್ತೆ ಮತ್ತೆ ಕತ್ತರಿ ಹಾಕಿಸಿ ಕೊನೆಗೆ ಆರ್ ದರ್ಜೆಗೆ (ಚಿಕ್ಕವರು ದೊಡ್ಡವರ ಜೊತೆ ಮಾತ್ರ) ಇಳಿಸ್ತು. ಕತ್ತರಿ ಬಿದ್ದದ್ದರಲ್ಲಿ ಮುಖ್ಯವಾದದ್ದು ಇಡಿ-209 ಅನ್ನೋ ಕಂಪನಿಯ ದೈತ್ಯ ರೋಬೋಟ್ ಬೋರ್ಡ್ ರೂಮಲ್ಲಿ ನೌಕರನನ್ನ ಹೊಡೆಯೋ ದೃಶ್ಯ. ಪೂರ್ತಿ ಆವೃತ್ತಿಯಲ್ಲಿ ಗುಂಡು ನಿಲ್ಲೋದೇ ಇಲ್ಲ. ಎಷ್ಟು ಅತಿ ಅಂದ್ರೆ ಹೆದರಿಕೆ ದಾಟಿ ನಗು ಬರಬೇಕು, ವರ್ಹೂವನ್ ಉದ್ದೇಶ ಅದೇ. ಕತ್ತರಿ ಹಾಕಿದ ಮೇಲೆ ನಗು ಹೋಗಿ ಕ್ರೌರ್ಯ ಉಳೀತು. ಹಾಗಾಗಿ ತೋರಿಸೋದಾದ್ರೆ ನಿರ್ದೇಶಕರ ಆವೃತ್ತಿಯನ್ನೇ ತೋರಿಸಿ. ಉದ್ದದಲ್ಲಿ ಹೆಚ್ಚೆಂದರೆ ಒಂದು ನಿಮಿಷ ವ್ಯತ್ಯಾಸ. ಪಿಯುಸಿ ಮಕ್ಕಳನ್ನ ಮಾತ್ರ ಕೂರಿಸಬೇಡಿ.

---

ಭದ್ರಾವತಿ ಕುಲುಮೆ:

ಯಂತ್ರದ ವಿಷಯಕ್ಕೆ ಬರ್ತೀನಿ. ಎಲ್ಲಾ ಗ್ರಾಫಿಕ್ಸು ಅನ್ನೋ ದೂರು ಪೂರ್ತಿ ಸರಿಯಲ್ಲ. 2014ರ ಕವಚವೂ ನಿಜವಾದದ್ದೇ, ಜೋಯಲ್ ಕಿನ್ನಮನ್ ತೊಟ್ಟುಕೊಂಡೇ ನಟಿಸಿದ್ದು. ವ್ಯತ್ಯಾಸ ಇರೋದು ತೂಕದಲ್ಲಿ.

ರಾಬ್ ಬೊಟೀನ್ ಮಾಡಿದ ಹಳೇ ಕವಚ ಶೂಟಿಂಗ್ ಜಾಗಕ್ಕೆ ತಡವಾಗಿ ಬಂತು. ಹಳೇ ಮರ್ಫಿ ಪಾತ್ರ ಮಾಡಿದ ಪೀಟರ್ ವೆಲ್ಲರ್ ಅದಕ್ಕೂ ಮೊದಲೇ ಮೋನಿ ಯಾಕಿಮ್ ಅನ್ನೋ ಮೂಕಾಭಿನಯದ ಗುರುವಿನ ಹತ್ತಿರ ಚುರುಕಾದ ಚಲನೆ ಅಭ್ಯಾಸ ಮಾಡಿದ್ದರು. ಕವಚ ಹಾಕಿದ ಮೇಲೆ ಅದ್ಯಾವುದೂ ನಡೀಲಿಲ್ಲ. ಕೆಲಸ ನಿಲ್ಲಿಸಿ, ಚಲನೆಯನ್ನೆಲ್ಲ ನಿಧಾನ ಮಾಡಿ, ಮತ್ತೆ ಕಲೀಬೇಕಾಯ್ತು. ಇವತ್ತು ನಾವು ಮೆಚ್ಚೋ ನಡಿಗೆ ಬಂದದ್ದು ಆ ಅಡ್ಡಿಯಿಂದ. ಗಮನಿಸಿ, ತಲೆ, ಭುಜ, ಸೊಂಟ ಒಟ್ಟಿಗೆ ತಿರುಗಲ್ಲ, ಒಂದಾದ ಮೇಲೆ ಒಂದು. ಯಂತ್ರ ಮೊದಲು ಗುರಿ ನೋಡುತ್ತೆ, ಆಮೇಲೆ ಮೈ ಹಿಂಬಾಲಿಸುತ್ತೆ. ಇನ್ನೊಂದು ತಮಾಷೆ: ಪೂರ್ತಿ ಕವಚದಲ್ಲಿ ಕಾರಿನೊಳಗೆ ಕೂರೋಕೆ ಆಗ್ತಿರಲಿಲ್ಲ. ಕಾರೊಳಗಿನ ಶಾಟುಗಳಲ್ಲಿ ಸೊಂಟದಿಂದ ಮೇಲೆ ಮಾತ್ರ ಕವಚ. ಕ್ಯಾಮರಾ ಇಟ್ಟ ಎತ್ತರ ನೋಡಿದರೆ ಗೊತ್ತಾಗುತ್ತೆ.

ಹೊಸ ಮರ್ಫಿ ಓಡ್ತಾನೆ, ಹಾರ್ತಾನೆ, ಬೈಕ್ ಓಡಿಸ್ತಾನೆ. ಹಾರುವಾಗ ಕಂಪ್ಯೂಟರ್ ಗೊಂಬೆ, ನಿಂತಾಗ ನಟ. ಇವೆರಡರ ನಡುವೆ ತೂಕ ಎಲ್ಲೋ ಕಳೆದುಹೋಗುತ್ತೆ. ಕವಚದ ಬಣ್ಣದಲ್ಲೂ ಒಂದು ಒಳ್ಳೆ ಕುಟುಕು ಇತ್ತು: ಬೆಳ್ಳಿ ಬಣ್ಣದ್ದನ್ನ ಸೆಲರ್ಸ್ ಮಾರುಕಟ್ಟೆಗೋಸ್ಕರ ಕಪ್ಪು ಮಾಡಿಸ್ತಾನೆ. ಆದರೆ ಚಿತ್ರ ಅವನನ್ನ ಅಣಕಿಸುತ್ತಲೇ, ಪೋಸ್ಟರಿಗೆ ಅದೇ ಕಪ್ಪನ್ನ ಹಾಕ್ಕೊಂಡಿತು!

ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. 1987ರ ಚಿತ್ರಕ್ಕೆ ಆಸ್ಕರ್ ಬಂದದ್ದು ಶಬ್ದ ಪರಿಣಾಮಗಳ ಸಂಕಲನಕ್ಕೆ, ವಿಶೇಷ ಪ್ರಶಸ್ತಿಯಾಗಿ. ಕಣ್ಣು ಮುಚ್ಚಿಕೊಂಡು ಪೊಲೀಸ್ ಠಾಣೆಯ ಮೊದಲ ಪ್ರವೇಶ ಕೇಳಿ. ಹೆಜ್ಜೆ ಬೀಳೋ ಸದ್ದು ಮೊದಲು, ಮೋಟಾರಿನ ಗುಯ್‌ಗುಡುವಿಕೆ ಆಮೇಲೆ, ಆಕಾರ ಕಾಣೋದು ಕೊನೆಗೆ. ಬೇಸಿಲ್ ಪೊಲಿಡೂರಿಸ್ ಸಂಗೀತದಲ್ಲಿ ವಾದ್ಯವೃಂದದ ಅಡಿಯಲ್ಲಿ ಕಬ್ಬಿಣ ಬಡಿದ ಹಾಗೆ ಒಂದು ಪೆಟ್ಟು ಬೀಳ್ತಾ ಇರುತ್ತೆ. ಹೊಸ ಚಿತ್ರ ಆ ರಾಗದ ತುಣುಕನ್ನ ಶೀರ್ಷಿಕೆಗೆ ಎರವಲು ತಗೊಂಡಿದೆ.

ಇಡಿ-209 ಅಂತೂ ಹಳೇ ವಿದ್ಯೆ. ಮನುಷ್ಯರ ಪಕ್ಕ ನಿಲ್ಲಿಸೋಕೆ ಪೂರ್ಣಗಾತ್ರದ ಒಂದು ಮಾದರಿ, ನಡೆಯೋಕೆ ಫಿಲ್ ಟಿಪೆಟ್ ತಂಡದ ಸಣ್ಣ ಗೊಂಬೆ. ಗೊಂಬೆಯನ್ನ ಕೂದಲೆಳೆಯಷ್ಟು ಸರಿಸಿ ಒಂದು ಚೌಕಟ್ಟು, ಮತ್ತೆ ಸರಿಸಿ ಇನ್ನೊಂದು, ಪರದೆ ಮೇಲಿನ ಒಂದು ಸೆಕೆಂಡಿಗೆ 24. ಹಿಂದೆ ಮೊದಲೇ ತೆಗೆದ ನಟರ ದೃಶ್ಯವನ್ನ ಪುಟ್ಟ ಪರದೆಗೆ ಬಿಟ್ಟಿರ್ತಾರೆ. ಇದರಿಂದ ಚಲನೆಯಲ್ಲಿ ಒಂದು ಸಣ್ಣ ಕುಪ್ಪಳಿಕೆ ಬರುತ್ತೆ. ಮಾರಾಟಕ್ಕೆ ಅವಸರದಲ್ಲಿ ತಯಾರಾದ, ಮೆಟ್ಟಿಲು ಇಳಿಯೋಕೂ ಬಾರದ ಯಂತ್ರಕ್ಕೆ ಆ ಕುಪ್ಪಳಿಕೆ ಒಪ್ಪುತ್ತೆ. ಇದು ಓಡುತ್ತೋ ಇಲ್ವೋ ಯಾರಿಗೆ ಬೇಕು, 25 ವರ್ಷದ ಬಿಡಿಭಾಗದ ವ್ಯಾಪಾರ ಖಾತ್ರಿ ಇತ್ತು ಅಂತ ಡಿಕ್ ಜೋನ್ಸ್ ಬೈಯೋದು ನೆನಪಿರಬಹುದು. ಹೊಸ ಇಡಿ-209 ಸಲೀಸಾಗಿ ಓಡಾಡುತ್ತೆ. ಕೆಟ್ಟುಹೋಗದ ಯಂತ್ರದ ಮೇಲೆ ನಗೋದು ಹೆಂಗೆ?

ಕೊನೆಯದಾಗಿ ಜಾಗ. ಹಳೇದರ ಡೆಟ್ರಾಯಿಟ್ ಬಹುಪಾಲು ಡಲ್ಲಾಸ್‌ನಲ್ಲಿ ತೆಗೆದದ್ದು, ಉಕ್ಕಿನ ಕಾರ್ಖಾನೆ ಮಾತ್ರ ಪೆನ್ಸಿಲ್ವೇನಿಯಾದ ಮೊನೆಸೆನ್ ಊರಿನ ನಿಂತುಹೋದ ಕಾರ್ಖಾನೆ. ಮರ್ಫಿ ಸಾಯೋದೂ ಪಾಳು ಕಾರ್ಖಾನೆಯಲ್ಲಿ, ಮುಖ ಮರಳಿ ಪಡೆಯೋದೂ ಅಂಥದ್ದೇ ಜಾಗದಲ್ಲಿ. ದುಡಿಮೆ ನಿಂತ ಊರನ್ನ ಕಂಪನಿ ಅಗ್ಗಕ್ಕೆ ಹೊಡ್ಕೊಂಡು ಹೊಸ ನಗರ ಕಟ್ಟೋ ಯೋಜನೆ ಹಾಕುತ್ತೆ. ಕಾಗದದ ಕಾರ್ಖಾನೆ ಬಾಗಿಲು ಹಾಕಿದ್ದನ್ನ, ಉಕ್ಕಿನ ಕಾರ್ಖಾನೆ ಉಸಿರು ಹಿಡ್ಕೊಂಡಿರೋದನ್ನ ಕಂಡ ಭದ್ರಾವತಿಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹೊಸ ಚಿತ್ರದ ಡೆಟ್ರಾಯಿಟ್ ಟೊರಾಂಟೊದಲ್ಲಿ ತೆಗೆದದ್ದು. ಗಾಜಿನ ಕಟ್ಟಡ, ಚೊಕ್ಕ ರಸ್ತೆ. ಈ ಊರಿಗೆ ರೋಬೋ ಪೊಲೀಸ್ ಯಾಕೆ ಬೇಕು ಅಂತಲೇ ಅನ್ನಿಸಲ್ಲ.

---

ಹೊಸನಗರ ಹುಲಿಕಲ್:

ಎಲ್ಲರೂ ಸೇರಿ ಹೊಸದನ್ನ ಪೂರ್ತಿ ಮಣ್ಣು ಮಾಡ್ಬೇಡಿ ಮಾರಾಯ್ರೆ. ಅದರಲ್ಲಿ ಮೂರು ಸಂಗತಿ ಗಟ್ಟಿ ಇವೆ, ಅವನ್ನ ಮುಚ್ಚಿಟ್ಟರೆ ಚರ್ಚೆ ಏಕಪಕ್ಷೀಯ ಆಗುತ್ತೆ.

ಒಂದು, ಶುರುವಿನ ಟೆಹ್ರಾನ್ ದೃಶ್ಯ. ಅಮೆರಿಕದ ರೋಬೋಟುಗಳು ಬೀದಿಯಲ್ಲಿ ಜನರ ಕೈ ಎತ್ತಿಸಿ ತಪಾಸಣೆ ಮಾಡ್ತವೆ, ಟಿವಿಯವರು ಅದನ್ನ ಶಾಂತಿ ಅಂತ ನೇರಪ್ರಸಾರ ಮಾಡ್ತಾರೆ. ಚಾಕು ಹಿಡಿದ ಹುಡುಗನೊಬ್ಬ ಬಂದ ಕೂಡಲೇ ಪ್ರಸಾರ ಕಟ್. ಹೊರದೇಶದಲ್ಲಿ ನಡೆಯೋದು ತಮ್ಮ ದೇಶದಲ್ಲಿ ಯಾಕೆ ನಿಷೇಧ ಅನ್ನೋ ಪ್ರಶ್ನೆಯಿಂದಲೇ ಕಥೆ ಹೊರಡುತ್ತೆ. ಕಾಯ್ದೆ ರದ್ದು ಮಾಡಿಸೋಕೆ ಯಂತ್ರದೊಳಗೆ ಒಬ್ಬ ಮನುಷ್ಯ ಬೇಕು, ಹಾಗಾಗಿ ಮರ್ಫಿ. 1987ರ ನಕಲಲ್ಲ ಇದು, 2014ಕ್ಕೆ ಸರಿಯಾದ ಪ್ರಶ್ನೆ.

ಎರಡು, ಪ್ರಯೋಗಾಲಯದ ಕನ್ನಡಿ. ಡಾಕ್ಟರ್ ನಾರ್ಟನ್ ಕವಚವನ್ನ ಒಂದೊಂದೇ ಭಾಗ ಬಿಡಿಸಿ ತೋರಿಸ್ತಾನೆ. ಕೊನೆಗೆ ಉಳಿಯೋದು ತಲೆ, ಗಂಟಲು, ಉಸಿರಾಡೋ ಶ್ವಾಸಕೋಶ, ಒಂದು ಬಲಗೈ. ಮರ್ಫಿ ಸಾಯಿಸಿಬಿಡಿ ಅಂತಾನೆ. ಪಿಜಿ-13 ಒಳಗೇ, ಒಂದು ಹನಿ ರಕ್ತ ಇಲ್ಲದೆ, ಹಳೇ ಚಿತ್ರಕ್ಕಿಂತ ಹೆಚ್ಚು ಕಳವಳ ಹುಟ್ಟಿಸೋ ದೃಶ್ಯ. ಗ್ರಾಫಿಕ್ಸ್ ಇಲ್ಲಿ ಸಾರ್ಥಕ.

ಮೂರು, ಕಾಳಗದ ಹೊತ್ತಲ್ಲಿ ನಿರ್ಧಾರ ಮಾಡೋದು ಯಂತ್ರ, ಆದರೆ ಮರ್ಫಿಗೆ ತಾನೇ ಮಾಡ್ತಿದ್ದೀನಿ ಅಂತ ಭ್ರಮೆ ಬರೋ ಹಾಗೆ ನಾರ್ಟನ್ ಜೋಡಿಸಿರ್ತಾನೆ. ಇದು ಹಳೇ ಚಿತ್ರದಲ್ಲಿ ಇಲ್ಲದ ಹೊಳಹು.

ಹಂಗಾದ್ರೆ ಸೋತದ್ದು ಎಲ್ಲಿ? ಕವಲೇದುರ್ಗ ಅವರು ಮುಖ ಮೊದಲೇ ತೋರಿಸಿದ್ದೇ ತಪ್ಪು ಅಂದರು. ನನಗೆ ಒಪ್ಪಿಗೆ ಇಲ್ಲ. ಪೂರ್ತಿ ಎಚ್ಚರ ಇರೋ ಮನುಷ್ಯನನ್ನ ಸ್ವಲ್ಪ ಸ್ವಲ್ಪವಾಗಿ ಯಂತ್ರ ಮಾಡೋದು ಕೂಡ ಒಳ್ಳೆ ಕಥೆಯೇ, ಇನ್ನೂ ಭಯಾನಕ ಕಥೆ. ಅವರು ಆ ದಾರಿ ಹಿಡಿದೂ ಇದ್ದರು. ಪೊಲೀಸ್ ದಾಖಲೆ ಎಲ್ಲಾ ಮೆದುಳಿಗೆ ತುಂಬಿದಾಗ ಮರ್ಫಿಗೆ ತಡ್ಕೊಳ್ಳೋಕೆ ಆಗಲ್ಲ. ಅವನನ್ನ ಜನರಿಗೆ ತೋರಿಸೋ ಸಮಾರಂಭಕ್ಕೆ ಹೊತ್ತಾಯ್ತು ಅಂತ ನಾರ್ಟನ್ ಡೋಪಮೈನ್ ಅನ್ನೋ ಮೆದುಳಿನ ರಾಸಾಯನಿಕವನ್ನು ಶೇ. 2ಕ್ಕೆ ಇಳಿಸ್ತಾನೆ. ಮರ್ಫಿ ಹೆಂಡತಿ ಮಗನನ್ನ ನೋಡಿಯೂ ನೋಡದವನ ಹಾಗೆ ದಾಟಿ ಹೋಗ್ತಾನೆ. ಇಲ್ಲಿಗೆ ಚಿತ್ರ ಹದಕ್ಕೆ ಬಂದಿದೆ. ಮುಂದೆ? ಹೆಂಡತಿ ರಸ್ತೆಯಲ್ಲಿ ಅಡ್ಡ ನಿಂತು ಮಗನ ಬಗ್ಗೆ ನಾಲ್ಕು ಮಾತಾಡ್ತಾಳೆ, ಮೆದುಳು ತಾನಾಗಿ ಸರಿಹೋಗುತ್ತೆ. ವೈದ್ಯರಿಗೂ ಅಚ್ಚರಿ, ನಮಗೂ ಅಚ್ಚರಿ, ಚಿತ್ರಕಥೆ ಬರೆದವರ ಹತ್ತಿರವೂ ಕಾರಣ ಇಲ್ಲ. ಕೆಂಪು ಪಟ್ಟಿಯಲ್ಲಿ ಆದದ್ದೇ ಇಲ್ಲೂ ಆಗಿದೆ. ಕಾರಣ ಬೇಕಾದ ಕಡೆಯೆಲ್ಲ ಭಾವುಕತೆ ತುರುಕಿದ್ದಾರೆ.

---

ಕವಲೇದುರ್ಗ:

ಹುಲಿಕಲ್ ಅವರೇ, ಕನ್ನಡಿ ದೃಶ್ಯದ ಬಗ್ಗೆ ತಕರಾರಿಲ್ಲ. ಆದರೆ ಎಚ್ಚರ ಇರೋ ಮರ್ಫಿಯ ಕಥೆ ಹೇಳೋದಾದ್ರೆ ಅದರ ನೋವು ನೋಡೋಕೆ ಒಬ್ಬ ಸಾಕ್ಷಿ ಬೇಕು. ಹಳೇದರಲ್ಲಿ ಲೂಯಿಸ್ ಅವನು ಸಾಯೋದನ್ನ ಕಂಡವಳು, ಹೆಸರಿಟ್ಟು ಕರೆದವಳು, ಕೊನೆಗೆ ಗುರಿ ಹಿಡಿಯೋಕೆ ಕೈ ಆಸರೆ ಕೊಟ್ಟವಳು. ಹೊಸದರಲ್ಲಿ ಲೂಯಿಸ್ ಗಂಡಸು. ಅದಲ್ಲ ತೊಂದರೆ. ಬಾಂಬ್ ಸಿಡಿಯೋ ಹೊತ್ತಿಗೆ ಅವನು ಆಸ್ಪತ್ರೆಯಲ್ಲಿ, ಆಮೇಲೂ ಕಥೆಯ ಅಂಚಲ್ಲಿ. ಸಾಕ್ಷಿಯ ಕೆಲಸ ಹೆಂಡತಿ, ಡಾಕ್ಟರ್, ಟಿವಿ ನಿರೂಪಕ ಮೂವರಿಗೂ ಹಂಚಿಹೋಗಿ ಯಾರಿಗೂ ಪೂರ್ತಿ ಸಿಗಲಿಲ್ಲ.

ನಿರೂಪಕನ ವಿಷಯಕ್ಕೆ ಒಂದೇ ಮಾತು. 1987ರ ವಾರ್ತೆಯವರು ಏನನ್ನೂ ವಾದಿಸಲ್ಲ. ಬಾಹ್ಯಾಕಾಶದ ಶಾಂತಿ ವೇದಿಕೆ ಅನ್ನೋ ಆಯುಧ ನೆಲೆಯಿಂದ ತಪ್ಪಿ ಬಿದ್ದ ಲೇಸರ್ ಸಾಂತಾ ಬಾರ್ಬರಾವನ್ನ ಸುಟ್ಟು ಇಬ್ಬರು ಮಾಜಿ ಅಧ್ಯಕ್ಷರು ಸತ್ತರು ಅಂತ ನಗುಮುಖದಲ್ಲೇ ಓದ್ತಾರೆ. ನಡುವೆ ಅಣುಬಾಂಬ್ ಆಟದ ಡಬ್ಬಿಯ ಜಾಹೀರಾತು. ಕಟ್ಟಿಕೊಳ್ಳೋ ಕೆಲಸ ನಮ್ಮದು. 2014ರ ಪ್ಯಾಟ್ ನೋವಾಕ್ ಇಡೀ ವಿಷಯವನ್ನ ತಾನೇ ಹೇಳಿಬಿಡ್ತಾನೆ. ಜ್ಯಾಕ್ಸನ್ ನಟನೆ ಚೆನ್ನಾಗಿದೆ, ಸಂಭಾಷಣೆ ಮಾತ್ರ ಬರೀ ಭಾಷಣ.

---

ತುಂಗಾತೀರ (ತೀರ್ಥಹಳ್ಳಿ):

ಎಲ್ಲರಿಗೂ ಧನ್ಯವಾದ, ಇಷ್ಟು ಸಾಮಗ್ರಿ ಬೇಕಾಗಿತ್ತು. ಈಗ 3 ಗಂಟೆಯನ್ನ ಹೆಂಗೆ ಭಾಗ ಮಾಡಲಿ? ಹೊಸದರ ತುಣುಕು ಮೊದಲೋ, ಹಳೇದು ಮೊದಲೋ?

---

ಸಾಗರ ರೀಲುಪೆಟ್ಟಿಗೆ:

ಹಳೇದು ಪೂರ್ತಿ ತೋರಿಸಿ, ಹೊಸದರಿಂದ ನಾಲ್ಕು ತುಣುಕು ಸಾಕು. ತುಣುಕನ್ನ ಮೊದಲು ತೋರಿಸಿದರೆ ಜನ ಹಳೇದರ ಗುಟ್ಟುಗಳನ್ನ ಮೊದಲೇ ತಿಳ್ಕೊಂಡು ಕೂರ್ತಾರೆ, ಕವಲೇದುರ್ಗ ಹೇಳಿದ ಸುಳಿವಿನ ಆಟವೇ ಕೆಡುತ್ತೆ. ಹೀಗೆ ಮಾಡಿ:

ಪರಿಚಯ 5 ನಿಮಿಷ, ಕಥೆ ಹೇಳಬೇಡಿ. ಹಳೇ ಚಿತ್ರ 103. ಚಹಾ 10. ತುಣುಕುಗಳು ಒಟ್ಟು 22ರಿಂದ 25 ನಿಮಿಷ. ಉಳಿದ 35ರಿಂದ 40 ನಿಮಿಷ ಮಾತು. ತುಣುಕುಗಳ ಕ್ರಮ: ಕನ್ನಡಿ ದೃಶ್ಯ, ಡೋಪಮೈನ್ ಇಳಿಸಿ ಸಮಾರಂಭಕ್ಕೆ ಕಳಿಸೋದು, ಗೋದಾಮಿನ ಕಾಳಗ, ಮಹಡಿಯ ಕೊನೆ. ಒಳ್ಳೇದರಿಂದ ಶುರು ಮಾಡಿದರೆ ಹುಲಿಕಲ್ ಅವರ ವಾದಕ್ಕೂ ನ್ಯಾಯ ಸಿಗುತ್ತೆ, ಎಲ್ಲಿ ಜಾರಿತು ಅಂತ ಜನರೇ ಹಿಡೀತಾರೆ. ಪ್ರತಿ ತುಣುಕಾದ ಮೇಲೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಹಳೇದರಲ್ಲಿ ಸಮನಾದ ದೃಶ್ಯ ಯಾವುದು, ಅಲ್ಲಿ ಇದು ಆಗೋಕೆ ಕಾರಣ ಏನಿತ್ತು?

ಇನ್ನು ಸಭಾಂಗಣ.

ಮಾತು ಕೇಳದೇ ಇರೋದಕ್ಕೆ ಮಳೆಯೊಂದೇ ಕಾರಣ ಆಗಿರಲ್ಲ. ಡಿಸ್ಕ್‌ನಲ್ಲಿ ಶಬ್ದ 5.1 (ಆರು ಚಾನೆಲ್) ಇರುತ್ತೆ, ಸಂಭಾಷಣೆ ಬಹುಪಾಲು ನಡುವಿನ ಚಾನೆಲ್‌ನಲ್ಲಿ. ಕಾಲೇಜಿನಲ್ಲಿರೋದು ಎಡ-ಬಲ ಎರಡೇ ಸ್ಪೀಕರ್. ಪ್ಲೇಯರ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಔಟ್‌ಪುಟ್ಟನ್ನ ಸ್ಟೀರಿಯೊ ಅಂತ ಬದಲಿಸದೇ ಹೋದರೆ ಗುಂಡಿನ ಸದ್ದು ಕಿವಿ ಒಡೆಯುತ್ತೆ, ಮಾತು ಮಾಯ. ಸ್ಟೀರಿಯೊ ಮಾಡಿ, ರಾತ್ರಿ ಮೋಡ್ ಇದ್ದರೆ ಅದನ್ನೂ ಹಾಕಿ, ಜೋರು-ಮೆಲುದನಿಗಳ ಅಂತರ ಕಡಿಮೆ ಆಗುತ್ತೆ. ಮಿಕ್ಸರ್‌ನಲ್ಲಿ ಬಾಸ್ ಇಳಿಸಿ ಮಧ್ಯದ ಗುಂಡಿ ಸ್ವಲ್ಪ ಏರಿಸಿ. ಸ್ಪೀಕರನ್ನ ನೆಲದಲ್ಲಿ ಇಡಬೇಡಿ, ಕೂತವರ ತಲೆಗಿಂತ ಒಂದಡಿ ಮೇಲೆ ಇರಲಿ. ಇಷ್ಟು ಮಾಡಿದರೂ ತಗಡಿನ ಮೇಲೆ ಜಡಿಮಳೆ ಬಿದ್ದರೆ ಸೋಲು ಖಚಿತ, ಹಾಗಾಗಿ ಸಬ್‌ಟೈಟಲ್ ಕಡ್ಡಾಯ. ವಾರ್ತೆಯವರ ಜೋಕುಗಳು ಅದಿಲ್ಲದೆ ಅರ್ಧಕ್ಕರ್ಧ ಹೋಗ್ತವೆ.

ಪರದೆ: ಹಳೇದು ಎತ್ತರದ 1.85 ಪಟ್ಟು ಅಗಲ, ಪ್ರೊಜೆಕ್ಟರಿನ 16:9 ಪರದೆ ಬಹುತೇಕ ತುಂಬುತ್ತೆ. ಹೊಸದು ಸಿನಿಮಾಸ್ಕೋಪ್ ಅಗಲ, ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತೆ. ಎಳೆದು ತುಂಬಿಸೋಕೆ ಹೋಗ್ಬೇಡಿ, ಮುಖ ಉದ್ದ ಆಗುತ್ತೆ. ಗೋದಾಮಿನ ಕಾಳಗ ಕತ್ತಲಲ್ಲಿ ಗುಂಡಿನ ಮಿಂಚಿನ ಬೆಳಕಲ್ಲೇ ನಡೆಯೋದ್ರಿಂದ, ಕಿಟಕಿ ಸಂದಿಯಲ್ಲಿ ಬೆಳಕು ಬಂದರೆ ಪರದೆ ಮೇಲೆ ಏನೂ ಕಾಣಲ್ಲ. ಕಪ್ಪು ಬಟ್ಟೆ ಅಥವಾ ಟಾರ್ಪಾಲು ಹಿಂದಿನ ದಿನವೇ ಕಟ್ಟಿ, ಆ ತುಣುಕನ್ನೇ ಹಾಕಿ ಪರೀಕ್ಷೆ ಮಾಡಿ. ಅದು ಕಂಡರೆ ಉಳಿದದ್ದೆಲ್ಲ ಕಾಣುತ್ತೆ.

ದೀಪ ಇರೋ ಹಳೇ ಮಾದರಿ ಪ್ರೊಜೆಕ್ಟರ್ ಆದ್ರೆ ಯುಪಿಎಸ್ ಇಲ್ಲದೆ ಹಚ್ಚಬೇಡಿ. ಕರೆಂಟ್ ಹೋದಾಗ ಫ್ಯಾನ್ ತಕ್ಷಣ ನಿಂತು ಬಿಸಿ ದೀಪ ತಣಿಯಲ್ಲ, ಎರಡು ಮೂರು ಸಲ ಹಂಗಾದ್ರೆ ದೀಪದ ಆಯಸ್ಸು ತೀರಿತು. ಜನರೇಟರ್ ಹತ್ತೋವರೆಗೆ ಪ್ರೊಜೆಕ್ಟರ್ ಒಂದನ್ನೇ ಹಿಡಿದಿಡೋ ಶಕ್ತಿ ಯುಪಿಎಸ್‌ಗೆ ಇದ್ದರೆ ಸಾಕು. ಸ್ಪೀಕರನ್ನ ಅದಕ್ಕೆ ಸಿಕ್ಕಿಸಬೇಡಿ.

ಇನ್ನೊಂದು. ಡಿಸ್ಕ್ ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸೋ ಹಕ್ಕು ಬರಲ್ಲ. ಕಾಲೇಜಿನ ಚಟುವಟಿಕೆಯಾಗಿ, ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರಿಗಷ್ಟೇ ತೋರಿಸೋದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿಗೆಲ್ಲ ಪೋಸ್ಟರ್ ಅಂಟಿಸಿ ಟಿಕೆಟ್ ಇಟ್ಟರೆ ಅದು ತಪ್ಪಿಹೋಗುತ್ತೆ. ಪ್ರಾಂಶುಪಾಲರ ಅನುಮತಿ ಪತ್ರದಲ್ಲಿ ಕಾಲೇಜಿನ ಚಟುವಟಿಕೆ ಅಂತಲೇ ಬರೆಸಿಕೊಳ್ಳಿ.

---

ಕೊಡಚಾದ್ರಿ1343:

ಪತ್ರದಲ್ಲಿ ವಯಸ್ಸು 18 ದಾಟಿದವರಿಗೆ ಮಾತ್ರ ಅಂತಲೂ ಸೇರಿಸಿ. ಮರ್ಫಿಯ ಕೈ ಹಾರಿಹೋಗೋ ದೃಶ್ಯ ಬರೋದು ಮೊದಲ ಅರ್ಧ ಗಂಟೆಯೊಳಗೇ, ಚಹಾಕ್ಕೂ ಬಹಳ ಮೊದಲು.